ಲಕ್ಷದ್ವೀಪ ಅಂದರೆ ‘ಲಕ್ಷ ದ್ವೀಪ’, ಅಷ್ಟೇನಾ? ಪಠ್ಯಪುಸ್ತಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಾಲೆಯ ಸಮಾಜ ವಿಜ್ಞಾನ ಪುಸ್ತಕ ಬರೆಯುವವರು, ತಿದ್ದುವವರು, ಅದಕ್ಕೆ ನಕಾಶೆ ಮಾಡಿಕೊಡುವವರು, ಗೈಡು ಮತ್ತು ಕ್ವಿಜ್ ಪುಸ್ತಕ ಅಚ್ಚು ಹಾಕುವವರು, ಎಲ್ಲರಿಗೂ ಸೇರಿಸಿ ಈ ಪತ್ರ. ಯಾರನ್ನೂ ಹೆಸರು ಹಿಡಿದು ದೂರುತ್ತಿಲ್ಲ. ನಾವು ಓದಿದ್ದೂ ಹಾಗೆಯೇ, ನಮ್ಮ ಮಕ್ಕಳು ಓದುತ್ತಿರುವುದೂ ಹಾಗೆಯೇ.

ಲಕ್ಷದ್ವೀಪ ಎಂದರೇನು? ಲಕ್ಷ ದ್ವೀಪಗಳು. ಅಲ್ಲಿರುವ ದ್ವೀಪಗಳ ಸಂಖ್ಯೆ ಎಷ್ಟು? 36. ಈ ಎರಡು ಉತ್ತರಗಳನ್ನು ಒಂದರ ಕೆಳಗೊಂದು ಬರೆಸುತ್ತೇವೆ. ಯಾವ ಮಗುವಾದರೂ ಎದ್ದು ನಿಂತು ‘ಉಳಿದವು ಎಲ್ಲಿ ಹೋದವು ಟೀಚರ್?’ ಅಂತ ಕೇಳಿದರೆ ಏನು ಹೇಳುತ್ತೇವೆ? ಸುಮ್ನೆ ಬಾಯಿಪಾಠ ಮಾಡು ಅನ್ನುತ್ತೇವೆ, ಅಲ್ವಾ?

ನಾನು ಮಂಗಳೂರಿನವನು. ಹಳೆ ಬಂದರಿನ ದಕ್ಕೆಯಲ್ಲಿ ಸರಕಿನ ಲೆಕ್ಕ ಬರೆದುಕೊಂಡಿದ್ದವನು. ಲಕ್ಷದ್ವೀಪ ಅಂದರೆ ಉಳಿದವರಿಗೆ ಜಾಹೀರಾತಿನ ನೀಲಿ ನೀರು ನೆನಪಾಗಬಹುದು. ನನಗೆ ನೆನಪಾಗುವುದು ಮಂಜಿಗೆ ತುಂಬುವ ಜಲ್ಲಿ, ಹೊಯಿಗೆ, ಸಿಮೆಂಟು, ಈರುಳ್ಳಿ ಮೂಟೆ, ಬಾಳೆಗೊನೆ, ಕಟ್ಟಿಹಾಕಿದ ಆಡುಗಳು. ಮಂಜಿ ಅಂದರೆ ಮರದ ದೊಡ್ಡ ಸರಕು ಹಡಗು. ಮಳೆಗಾಲ ಶುರುವಾದರೆ ಅವುಗಳ ಓಡಾಟ ಬಂದ್. ಅದಕ್ಕೆ ಮೊದಲು ಅಲ್ಲಿನವರಿಗೆ ಬೇಕಾದ್ದೆಲ್ಲ ದಾಟಿಬಿಡಬೇಕು. ಹಾಗಾಗಿ ಏಪ್ರಿಲ್, ಮೇ ಬಂದರೆ ದಕ್ಕೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ಯಾರೂ ಬಾಯಿ ತುಂಬ ‘ಲಕ್ಷದ್ವೀಪ’ ಅನ್ನುವುದಿಲ್ಲ. ಇದು ಕವರತ್ತಿಗೆ, ಇದು ಅಗತ್ತಿಗೆ, ಇದು ಅಮಿನಿಗೆ, ಇದು ಆಂದ್ರೋತಿಗೆ. ಒಟ್ಟು ಸೇರಿಸಿ ಹೇಳಬೇಕಾದರೆ ‘ದ್ವೀಪಕ್ಕೆ’ ಅಂತಾರೆ, ಅಷ್ಟೇ.

ಪಾಠದಲ್ಲಿ ಒಂದು ಸಾಲಿಗೆ ಮುಗಿಸಿಬಿಟ್ಟ ಆ ಹೆಸರಿನ ಒಳಗೆ ಎಷ್ಟೋ ಭಾಷೆಗಳಿವೆ, ನಮ್ಮ ಜಿಲ್ಲೆಯ ಇತಿಹಾಸವೂ ಇದೆ. ಅದನ್ನು ಮಕ್ಕಳಿಗೆ ಕೊಡಿ ಅನ್ನುವುದೇ ನನ್ನ ಕೋರಿಕೆ.

ಮೊದಲು ಆ ‘ಲಕ್ಷ’ದ ವಿಚಾರ. ಊರಿನ ಹೆಸರಿಗೆ ಸಂಖ್ಯೆ ಅಂಟಿಸುವುದು ಕನ್ನಡಿಗರಿಗೆ ಹೊಸದೇನಲ್ಲ. ಬನವಾಸಿ ಪನ್ನಿರ್ಚ್ಛಾಸಿರ, ಗಂಗವಾಡಿ ತೊಂಬತ್ತಾರು ಸಾಸಿರ, ನೊಳಂಬವಾಡಿ ಮೂವತ್ತೆರಡು ಸಾಸಿರ ಅಂತ ನಮ್ಮ ಶಾಸನಗಳೇ ಹೇಳುತ್ತವೆ. ಆ ಸಂಖ್ಯೆ ಹಳ್ಳಿಗಳದ್ದೋ, ಆದಾಯದ್ದೋ, ಬೇರೆ ಯಾವುದರದ್ದೋ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಬನವಾಸಿಯಲ್ಲಿ ಹನ್ನೆರಡು ಸಾವಿರ ಏನೋ ಒಂದನ್ನು ಎಣಿಸಿ ನೋಡಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ಲಕ್ಷದ್ವೀಪಕ್ಕೆ ಬಂದಾಗ ಮಾತ್ರ ಸಂಖ್ಯೆಯನ್ನು ಹಾಗೇ ನುಂಗಿಬಿಡುತ್ತೇವೆ.

ರಾಜರಾಜ ಚೋಳನ ಶಾಸನಗಳಲ್ಲಿ ಅವನು ಗೆದ್ದ ನಾಡುಗಳ ಉದ್ದದ ಪಟ್ಟಿ ಇದೆ. ಸುಮಾರು ಸಾವಿರ ವರ್ಷದ ಹಿಂದಿನ ಮಾತು. ಅದರಲ್ಲಿ ‘ಮುನ್ನೀರ್ ಪಳಂತೀವು ಪನ್ನೀರಾಯಿರಂ’ ಅಂತ ಬರುತ್ತದೆ. ಹಳಗನ್ನಡ ಸ್ವಲ್ಪ ಓದಿದವರಿಗೆ ಈ ತಮಿಳು ಅರ್ಥವಾಗಲು ಕಷ್ಟವಿಲ್ಲ. ಮುನ್ನೀರು ಅಂದರೆ ಕಡಲು. ಪಳಂ ಅಂದರೆ ಹಳೆಯ. ತೀವು ಅಂದರೆ ದ್ವೀಪ. ಕಡಲ ಹಳೆಯ ದ್ವೀಪಗಳು ಹನ್ನೆರಡು ಸಾವಿರ. ಇದು ಇಂದಿನ ಮಾಲ್ಡೀವ್ಸ್ ಅಂತ ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಉತ್ತರಕ್ಕಿರುವ ಲಕ್ಷದ್ವೀಪವೂ ಸೇರಿತ್ತು ಅನ್ನುವವರಿದ್ದಾರೆ. ಬನವಾಸಿಗೂ ಹನ್ನೆರಡು ಸಾವಿರ, ಕಡಲಿನ ದ್ವೀಪಗಳಿಗೂ ಹನ್ನೆರಡು ಸಾವಿರ! ಎರಡನ್ನೂ ಒಂದೇ ಪಾಠದಲ್ಲಿ ಪಕ್ಕಪಕ್ಕ ಇಟ್ಟರೆ ಮಕ್ಕಳೇ ಅರ್ಥ ಮಾಡಿಕೊಳ್ಳುತ್ತಾರೆ.

ಅರಬ್ ವರ್ತಕರ ಲೆಕ್ಕ ಬೇರೆ. 9ನೇ ಶತಮಾನದ ಅವರ ಒಂದು ವರದಿ ಈ ಕಡಲಿನಲ್ಲಿ 1,900 ದ್ವೀಪಗಳಿವೆ ಅನ್ನುತ್ತದೆ. 14ನೇ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲೇ ಖಾಜಿಯಾಗಿದ್ದ ಇಬ್ನ್ ಬತೂತ ಸುಮಾರು 2,000 ಅಂದ. ಈಗಿನ ಲೆಕ್ಕದಲ್ಲಿ ಮಾಲ್ಡೀವ್ಸ್ ಒಂದರಲ್ಲೇ ಸುಮಾರು 1,200 ದ್ವೀಪಗಳಿವೆ. ರಾಜನ ಶಾಸನಕ್ಕೆ ಹನ್ನೆರಡು ಸಾವಿರ, ವ್ಯಾಪಾರಿಗೆ ಸಾವಿರದ ಒಂಬೈನೂರು. ವ್ಯಾಪಾರಿಯ ಲೆಕ್ಕವೇ ನಿಜಕ್ಕೆ ಹತ್ತಿರ. ಜೀವನವಿಡೀ ಸರಕಿನ ಪುಸ್ತಕ ಬರೆದ ನನಗೆ ಇದನ್ನು ಓದಿದಾಗ ಸ್ವಲ್ಪ ಜಾಸ್ತಿಯೇ ಖುಷಿಯಾಯಿತು.

ಅಂದರೆ ಹಿಂದಿನವರು ಈ ಸಾಲು ದ್ವೀಪಗಳನ್ನು ಎರಡು ದೇಶಗಳಾಗಿ ನೋಡಿರಲಿಲ್ಲ. ಉತ್ತರದ ತುದಿಯಿಂದ ದಕ್ಷಿಣದವರೆಗೂ ಒಂದೇ ಸರಣಿ. ಲಕ್ಷ ಅನ್ನುವುದು ಆ ಇಡೀ ಸರಣಿಗೆ, ‘ಎಣಿಸಿ ಮುಗಿಯದಷ್ಟು’ ಅನ್ನುವ ಅರ್ಥದಲ್ಲಿ ಬಂದಿರಬೇಕು ಅನ್ನುವುದು ಒಪ್ಪುವ ಮಾತು. ಗಡಿ ಬಂದಮೇಲೆ ದೊಡ್ಡ ಹೆಸರು ಚಿಕ್ಕ ಭಾಗಕ್ಕೆ ಉಳಿಯಿತು. ಈಗಿರುವ 36ರಲ್ಲಿ ಜನ ವಾಸ ಮಾಡುವುದು ಹತ್ತರಲ್ಲಿ ಮಾತ್ರ. ಬಂಗಾರಂ ಹತ್ತಿರದ ‘ಪರಳಿ ಒಂದು’ ಅನ್ನುವ ದ್ವೀಪವನ್ನು ಕಡಲು ಕೊರೆದು ಮುಳುಗಿಸಿಯೇ ಬಿಟ್ಟಿದೆ. ಹಾಗಾಗಿ 36 ಅನ್ನುವುದನ್ನೂ ಸ್ವಲ್ಪ ಎಚ್ಚರಿಕೆಯಿಂದ ಬರೆಯಿರಿ.

ಇನ್ನು ಹೆಸರಿನ ಎರಡನೇ ಭಾಗ. ನನಗೆ ಹೆಚ್ಚು ಇಷ್ಟವಾದದ್ದು ಇದೇ. ಸಂಸ್ಕೃತದ ದ್ವೀಪ ಪ್ರಾಕೃತದ ಬಾಯಲ್ಲಿ ದೀವ ಆಯಿತು. ಆಮೇಲೆ ಅದು ಹಡಗು ಹತ್ತಿತು. ಗುಜರಾತಿನ ದೀವ್, ಗೋವಾದ ಮಾಂಡೋವಿ ನದಿಯ ದಿವಾರ್, ನಮ್ಮ ಕಾರವಾರದ ಎದುರಿಗೇ ಕಾಣುವ ಅಂಜದೀವ್, ಮಾಲ್ಡೀವ್ಸ್, ಶ್ರೀಲಂಕೆಯ ಹಳೆ ಹೆಸರು ಸೆರೆಂದಿಬ್, ಎಲ್ಲದರ ಬಾಲದಲ್ಲಿ ಅದೇ ಪದ. ಅರಬರು ಅದನ್ನು ದೀಬ ಮಾಡಿಕೊಂಡರು. ಬಹುವಚನ ಬೇಕಾದಾಗ ತಮ್ಮ ವ್ಯಾಕರಣ ಹಾಕಿ ‘ದೀಬಜಾತ್’ ಅಂದರು. 11ನೇ ಶತಮಾನದಲ್ಲಿ ಅಲ್ ಬಿರೂನಿ ಅನ್ನುವ ವಿದ್ವಾಂಸ ಈ ದ್ವೀಪಗಳನ್ನು ಅಲ್ಲಿ ಸಿಗುವ ವಸ್ತುವಿನ ಮೇಲೆ ಎರಡು ಪಾಲು ಮಾಡಿದ. ಒಂದು ಕವಡೆಯ ದೀವ, ಇನ್ನೊಂದು ತೆಂಗಿನ ನಾರಿನ ಹಗ್ಗದ ದೀವ. ಕವಡೆ ಆಗ ದುಡ್ಡಾಗಿ ಓಡುತ್ತಿತ್ತು. ನಾರಿನ ಹಗ್ಗವಿಲ್ಲದೆ ಅರಬರ ಹಡಗೇ ಇಲ್ಲ. ಅವರು ಹಲಗೆಗಳನ್ನು ಮೊಳೆ ಹೊಡೆಯದೆ ಹಗ್ಗದಿಂದ ಹೊಲಿಯುತ್ತಿದ್ದರು.

ಅರಬರು ನಮ್ಮ ಪದವನ್ನು ಒಯ್ದರಲ್ಲ, ದ್ವೀಪದವರು ಅರಬರ ಪದವನ್ನು ಇಟ್ಟುಕೊಂಡರು. ಮಿನಿಕಾಯ್ ಬಿಟ್ಟರೆ ಉಳಿದ ದ್ವೀಪಗಳಲ್ಲಿ ಆಡುವುದು ಮಲಯಾಳದ ಒಂದು ಬಗೆ. ಅದಕ್ಕೆ ಜೆಸರಿ ಅಂತ ಹೆಸರು. ಅರಬ್ಬಿಯಲ್ಲಿ ದ್ವೀಪಕ್ಕೆ ಜಝೀರಾ ಅನ್ನುತ್ತಾರಲ್ಲ, ಅದರಿಂದ ಬಂದದ್ದು ಅನ್ನುತ್ತಾರೆ. ಅತ್ತ ಮಾಲ್ಡೀವ್ಸ್‌ನವರ ಭಾಷೆ ದಿವೇಹಿ. ಅದೂ ‘ದ್ವೀಪದವರದ್ದು’ ಅನ್ನುವ ಅರ್ಥದ್ದೇ. ಈ ಸಾಲಿನ ಎರಡು ಭಾಷೆಗಳೂ ತಮ್ಮನ್ನು ದ್ವೀಪದ ಮಾತು ಅಂತಲೇ ಕರೆದುಕೊಂಡಿವೆ. ಒಂದು ಅರಬ್ಬಿಯ ಪದ ಹಿಡಿದು, ಇನ್ನೊಂದು ನಮ್ಮ ಕಡೆಯ ಪದ ಹಿಡಿದು.

ಮಿನಿಕಾಯ್ ವಿಚಾರ ಸ್ವಲ್ಪ ನಿಧಾನವಾಗಿ ಹೇಳಬೇಕು. ನಕಾಶೆಯಲ್ಲಿ ನೋಡಿ, ಉಳಿದ ದ್ವೀಪಗಳಿಂದ ಅದು ದೂರ, ದಕ್ಷಿಣಕ್ಕೆ ಒಂಟಿಯಾಗಿದೆ. ನಡುವೆ ಒಂಬತ್ತು ಡಿಗ್ರಿ ಕಾಲುವೆ, ಅಂದರೆ ಒಂಬತ್ತು ಡಿಗ್ರಿ ಅಕ್ಷಾಂಶದಲ್ಲಿರುವ ಕಡಲಿನ ಹರವು. ಅದರ ಕೆಳಗೆ ಎಂಟು ಡಿಗ್ರಿ ಕಾಲುವೆ, ಆಮೇಲೆ ಮಾಲ್ಡೀವ್ಸ್. ಅಲ್ಲಿನ ಭಾಷೆ ದಿವೇಹಿಯ ಒಂದು ರೂಪ. ನಮ್ಮ ಸರ್ಕಾರಿ ಕಾಗದದಲ್ಲಿ ಅದು ‘ಮಹಲ್’. ಇಬ್ನ್ ಬತೂತ ಮಾಲ್ಡೀವ್ಸ್ ರಾಜಧಾನಿ ಮಾಲೆಯನ್ನು ಮಹಲ್ ಅಂತ ಬರೆದಿದ್ದ. ಹೊರಗಿನವರು ಹಾಗೆ ಕರೆದದ್ದೇ ಭಾಷೆಯ ಹೆಸರಾಗಿ ನಿಂತಿತು. ಅಲ್ಲಿನವರು ಊರಿಗೆ ಮಲಿಕು ಅನ್ನುತ್ತಾರೆ, ಭಾಷೆಗೆ ಮಲಿಕು ಬಸ್ ಅನ್ನುತ್ತಾರೆ. ಬಸ್ ಅಂದರೆ ನಮ್ಮ ಭಾಷೆ ಅನ್ನುವ ಪದವೇ, ಸವೆದು ಹಾಗಾಗಿದೆ.

ಆ ಊರಿನ ಹಿರಿಯರೊಬ್ಬರು ಚಿಕಿತ್ಸೆಗೆ ಮಂಗಳೂರಿಗೆ ಬಂದವರು ಬಂದರಿನ ಚಹಾ ಅಂಗಡಿಯಲ್ಲಿ ಸಿಕ್ಕಿದ್ದರು. ನನ್ನ ಹರಕು ಮಲಯಾಳದಲ್ಲೇ ಮಾತಿಗೆಳೆದೆ. ‘ಕಾಕ, ಮಿನಿಕಾಯ್‌ನವರಾ?’ ಅಂದೆ. ‘ಮಲಿಕು’ ಅಂದರು. ಸಿಟ್ಟಿಲ್ಲ, ತಿದ್ದುವ ದನಿಯೂ ಅಲ್ಲ. ಹೇಗೆ ಬರೆಯುತ್ತೀರಿ ಅಂತ ಕೇಳಿದೆ. ನನ್ನ ಪೆನ್ನು ತೆಗೆದುಕೊಂಡು ಬಿಲ್ಲಿನ ಹಿಂದೆ ಬಲದಿಂದ ಎಡಕ್ಕೆ ಮೂರು ಅಕ್ಷರ ಬರೆದರು. ಆಮೇಲೆ ಮೇಲೆ ಕೆಳಗೆ ಸಣ್ಣ ಸಣ್ಣ ಗೀಟು ಎಳೆದರು. ಆ ಲಿಪಿಗೆ ತಾನಾ ಅಂತ ಹೆಸರು. ಗೀಟುಗಳೇ ಸ್ವರ.

ಮನೆಗೆ ಬಂದು ಆ ಲಿಪಿಯ ಬಗ್ಗೆ ಓದಿದೆ. ತಾನಾದ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿ ಒಂದರಿಂದ ಒಂಬತ್ತರಿಂದ ಹುಟ್ಟಿದವು. ಮುಂದಿನ ಒಂಬತ್ತು ಅಕ್ಷರಗಳು ಅಲ್ಲಿನ ಹಳೆಯ ಸ್ಥಳೀಯ ಅಂಕಿಗಳಿಂದ ಬಂದವು. ಅಂಕಿಯಿಂದ ಅಕ್ಷರ ಮಾಡಿಕೊಂಡ ಲಿಪಿ ಇದು! ಹಾಗೆ ನೋಡಿದರೆ ಮಲಿಕು ಅನ್ನುವ ಹೆಸರಿನ ಮೂರು ಅಕ್ಷರ, ಮೀಮು, ಲಾಮು, ಕಾಫು, ಹಿಂದೆ 1, 5, 7 ಆಗಿದ್ದವು. ಮೊದಲ ಎರಡು ಸ್ಥಳೀಯ ಅಂಕಿ, ಕೊನೆಯದು ಅರಬ್ಬಿ. ಇದನ್ನು ಐದನೇ ತರಗತಿಯ ಮಗುವಿಗೆ ಹೇಳಿ ನೋಡಿ. ಆ ದಿನ ಮನೆಯಲ್ಲಿ ಎಲ್ಲರ ಹೆಸರೂ ಅಂಕಿಯಲ್ಲಿ ಬರೆಯುವ ಆಟ ನಡೆಯುತ್ತದೆ. ಭಾರತದೊಳಗೆ ಈ ಲಿಪಿ ಮನೆಮಾತಿನ ಲಿಪಿಯಾಗಿರುವುದು ಆ ಒಂದೇ ದ್ವೀಪದಲ್ಲಿ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ನಕಾಶೆಯ ಮೂಲೆಯಲ್ಲೊಂದು ಚುಕ್ಕೆ.

ಇನ್ನು ನಮ್ಮ ಮನೆಯ ವಿಷಯ. ಅಮಿನ್‌ದಿವಿ ಅನ್ನುವ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ. ಉತ್ತರದ ಈ ಐದು ದ್ವೀಪಗಳ ಗುಂಪಿಗೆ ಮುಖ್ಯ ದ್ವೀಪದ ಹೆಸರಿಟ್ಟು, ಹಿಂದೆ ‘ದಿವಿ’ ಸೇರಿಸಿ ಅಮಿನ್‌ದಿವಿ ಅಂದರು. ಅಮಿನಿ ಅನ್ನುವುದು ಅರಬ್ಬಿಯ ‘ಅಮೀನ್’, ಅಂದರೆ ನಂಬಿಕಸ್ಥ, ಅನ್ನುವುದರಿಂದ ಬಂತು ಅಂತ ದ್ವೀಪದಲ್ಲಿ ಹೇಳುತ್ತಾರೆ. ಹಾಗಾದರೆ ಅರ್ಧ ಅರಬ್ಬಿ, ಅರ್ಧ ಪ್ರಾಕೃತ.

ಈ ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಆಳ್ವಿಕೆ ಸಾಕಾಗಿ 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ಇಲ್ಲಿದ್ದ ಟಿಪ್ಪು ಸುಲ್ತಾನನನ್ನು ಕಂಡು, ನೀವೇ ನಮ್ಮನ್ನು ನೋಡಿಕೊಳ್ಳಿ ಅಂದರು. ಆ ಮನೆತನದ ರಾಣಿ ಅರಕ್ಕಲ್ ಬೀಬಿಗೂ ಟಿಪ್ಪುವಿಗೂ ಆಗ ಚೆನ್ನಾಗಿತ್ತು. ಮಾತುಕತೆಯಾಗಿ ಐದು ದ್ವೀಪಗಳು ಮೈಸೂರಿಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಆಡಳಿತ ಮಾತ್ರ ಮಂಗಳೂರಿನಿಂದಲೇ. ಮುಂದೆ ಅದು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಅಲ್ಲಿಂದ ನಾರು, ಇಲ್ಲಿಂದ ಅಕ್ಕಿ, ನೂರೈವತ್ತು ವರ್ಷ ಹೀಗೇ ನಡೆಯಿತು. ಅಮಿನಿಯಲ್ಲಿ ಕೂರುತ್ತಿದ್ದ ಅಧಿಕಾರಿಗೆ ಮೊಣೆಗಾರ ಅನ್ನುತ್ತಿದ್ದರು. ನಮ್ಮ ಕಡೆಯ ಮಣೆಗಾರ ನೆನಪಾಗುತ್ತದೆ ನನಗೆ. ದಕ್ಷಿಣದ ದ್ವೀಪಗಳು ಮಾತ್ರ ಅರಕ್ಕಲ್ ಕೈಯಲ್ಲೇ ಉಳಿದು, ಆಮೇಲೆ ಮಲಬಾರ್ ಜಿಲ್ಲೆಗೆ ಸೇರಿದವು.

1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ತೆಗೆದು ನೋಡಿ. ಹೊಸ ಮೈಸೂರು ರಾಜ್ಯಕ್ಕೆ ಏನೇನು ಸೇರುತ್ತದೆ ಅನ್ನುವ ಪಟ್ಟಿಯಲ್ಲಿ, ಕಾಸರಗೋಡು ತಾಲೂಕು ಮತ್ತು ಅಮಿನ್‌ದಿವಿ ದ್ವೀಪಗಳನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡ ಜಿಲ್ಲೆ ಅಂತ ಇದೆ. ಕಾಸರಗೋಡಿನ ನೋವು ಕನ್ನಡಿಗರಿಗೆಲ್ಲ ಗೊತ್ತು. ಅದೇ ಸಾಲಿನಲ್ಲಿ ಅದರ ಪಕ್ಕದಲ್ಲೇ ಕೂತಿರುವ ಇನ್ನೊಂದು ಹೆಸರು ಮಂಗಳೂರಿನಲ್ಲೂ ಯಾರ ಬಾಯಲ್ಲೂ ಬರುವುದಿಲ್ಲ. ದ್ವೀಪ ನಮಗೆ ಬೇಕಿತ್ತು ಅಂತ ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಅಲ್ಲಿನವರ ಮಾತು ಬೇರೆ, ಬದುಕು ಬೇರೆ, ಅವರಿಗೆ ಅವರದೇ ಆಡಳಿತ ಸಿಕ್ಕಿದ್ದು ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯ ಪಾಠದಲ್ಲಿ ನೂರೈವತ್ತು ವರ್ಷವನ್ನು ಹಾರಿಸಿಬಿಡುವುದು ಯಾವ ನ್ಯಾಯ?

1956ರ ನವೆಂಬರ್ 1ರಂದು ಹುಟ್ಟಿದ ಕೇಂದ್ರಾಡಳಿತ ಪ್ರದೇಶದ ಹೆಸರು ‘ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು’. ಕಾಗದದ ಸಂಸಾರ ಮಾಡಿದವರಿಗೆ ಗೊತ್ತು, ಇಂಥ ಹೆಸರು ಫಾರಂನ ಖಾಲಿ ಜಾಗದಲ್ಲಿ ಹಿಡಿಯುವುದೇ ಇಲ್ಲ. ಕಚೇರಿಯೂ 1964ರವರೆಗೆ ಕೋಝಿಕ್ಕೋಡಿನಲ್ಲಿತ್ತು, ಆಮೇಲೆ ಕವರತ್ತಿಗೆ ಹೋಯಿತು. ಹೆಸರನ್ನು ಲಕ್ಷದ್ವೀಪ ಅಂತ ಬದಲಾಯಿಸಿದ್ದು 1973ರ ನವೆಂಬರ್ 1ರಂದು. ತಾರೀಕು ಗಮನಿಸಿದಿರಾ? ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಅದೇ ದಿನ. ಎರಡಕ್ಕೂ ಸಂಸತ್ತು ಅದೇ ವರ್ಷ ಬೇರೆ ಬೇರೆ ಕಾಯ್ದೆ ಮಾಡಿತ್ತು. ರಾಜ್ಯೋತ್ಸವದ ಭಾಷಣಗಳಲ್ಲಿ ಇಷ್ಟು ವರ್ಷ ಏನೇನೋ ಕೇಳಿದ್ದೇನೆ, ಇದನ್ನು ಹೇಳಿದವರನ್ನು ಕೇಳಿಲ್ಲ.

ನಮ್ಮ ಹೆಸರಿಗೆ ಎಷ್ಟು ವರ್ಷ ಚರ್ಚೆಯಾಯಿತು, ಪುಟಗಟ್ಟಲೆ ಬರೆದರು, ಸಭೆಗಳಾದವು. ಮೈಸೂರು ಅಂತಲೇ ಇರಲಿ ಅಂದವರಿಗೂ ಅವರ ಕಾರಣವಿತ್ತು. ಒಂದು ಭಾಗದ ಹೆಸರು ಎಲ್ಲರಿಗೂ ಆಗುವುದಿಲ್ಲ ಅನ್ನುವುದು ಉತ್ತರ ಕರ್ನಾಟಕದವರ ವಾದ. ಆ ವಾದವನ್ನು ಮಿನಿಕಾಯ್‌ಗೆ ಹಚ್ಚಿ ನೋಡಿ. ಹಳೆಯ ಹೆಸರು ಬಾಯಿಗೆ ಬರುವಂಥದ್ದಲ್ಲ, ನಿಜ. ಆದರೆ ಮೂರು ಗುಂಪು ಬೇರೆ ಬೇರೆ ಅಂತ ಅದು ಹೇಳುತ್ತಿತ್ತು. ಹೊಸ ಹೆಸರು ಚಂದ ಇದೆ, ಸಲೀಸಾಗಿದೆ, ಇಂಗ್ಲಿಷರ ಲಕ್ಕದೀವ್‌ಗಿಂತ ಎಷ್ಟೋ ಮೇಲು. ಆದರೆ ಅದರೊಳಗೆ ಅಮಿನಿಯೂ ಇಲ್ಲ, ಮಲಿಕುವೂ ಇಲ್ಲ. ಹೆಸರು ವಾಪಸ್ ಬದಲಾಯಿಸಿ ಅನ್ನುವುದು ನನ್ನ ಕೆಲಸವಲ್ಲ, ಅದು ದ್ವೀಪದವರಿಗೆ ಬಿಟ್ಟದ್ದು. ಹೆಸರಿನಿಂದ ಬಿಟ್ಟುಹೋದದ್ದನ್ನು ಪಾಠದಲ್ಲಾದರೂ ಇಡಬಹುದಲ್ಲ.

ನಕಾಶೆ ಮಾಡುವವರಿಗೆ ಒಂದು ಮಾತು. ಕರ್ನಾಟಕದ ಕರಾವಳಿಯ ಪಕ್ಕ ‘ಅರಬ್ಬಿ ಸಮುದ್ರ’ ಅಂತ ಬರೆಯುತ್ತೀರಿ. ರೂಢಿಯಲ್ಲಿ ಸರಿಯೇ. ಆದರೆ ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆ 1953ರಲ್ಲಿ ಸಮುದ್ರಗಳ ಗಡಿ ಗುರುತಿಸಿದಾಗ ‘ಲಕ್ಕದೀವ್ ಸಮುದ್ರ’ ಅಂತ ಒಂದನ್ನು ಬೇರೆಯಾಗಿ ಹೆಸರಿಸಿತು. ಅದರ ಗಡಿ ಶುರುವಾಗುವುದು ಎಲ್ಲಿಂದ ಗೊತ್ತಾ? ಕಾರವಾರದ ಸದಾಶಿವಗಡದ ದೀಪಸ್ತಂಭದಿಂದ. ಅಲ್ಲಿಂದ ಗೆರೆ ನೈಋತ್ಯಕ್ಕೆ ಹೋಗಿ, ದ್ವೀಪಗಳ ಪಶ್ಚಿಮಕ್ಕೆ ಇಳಿದು, ಮಾಲ್ಡೀವ್ಸ್ ತುದಿಯವರೆಗೆ ಹೋಗುತ್ತದೆ. ಆ ಲೆಕ್ಕದಲ್ಲಿ ಗೋಕರ್ಣ, ಮಲ್ಪೆ, ಪಣಂಬೂರು ಎಲ್ಲ ಲಕ್ಷದ್ವೀಪ ಸಮುದ್ರದ ದಂಡೆ. ನಮ್ಮ ಮೀನುಗಾರರಿಗೆ ಈ ಹೆಸರು ಕಟ್ಟಿಕೊಂಡು ಏನೂ ಆಗಬೇಕಿಲ್ಲ, ಅವರಿಗೆ ಅದು ಕಡಲು. ಆದರೆ ಮಕ್ಕಳ ನಕಾಶೆಯಲ್ಲಿ ದೊಡ್ಡ ಅಕ್ಷರದ ಅರಬ್ಬಿ ಸಮುದ್ರದ ಕೆಳಗೆ, ಕಾರವಾರದಿಂದ ದಕ್ಷಿಣಕ್ಕೆ, ಸಣ್ಣ ಅಕ್ಷರದಲ್ಲಿ ಅದನ್ನೂ ಹಾಕಿದರೆ ನಷ್ಟವೇನು?

ಬಹಳ ಕೇಳುತ್ತಿಲ್ಲ. ಒಂದೂವರೆ ಪುಟ ಸಾಕು. ‘ಲಕ್ಷ ದ್ವೀಪಗಳು’ ಅನ್ನುವ ಸಾಲು ಇರಲಿ, ಅದರ ಪಕ್ಕ ಬನವಾಸಿಯ ಹನ್ನೆರಡು ಸಾವಿರವನ್ನೂ ಚೋಳನ ಹನ್ನೆರಡು ಸಾವಿರವನ್ನೂ ಇಡಿ. ಮಿನಿಕಾಯ್ ಅಂತ ಬರೆದಲ್ಲಿ ಮಲಿಕು ಅಂತಲೂ ಬರೆಯಿರಿ, ತಾನಾ ಲಿಪಿಯಲ್ಲಿ ಆ ಹೆಸರಿನ ಒಂದು ಚಿತ್ರ ಹಾಕಿ. ದಕ್ಷಿಣ ಕನ್ನಡದ ಇತಿಹಾಸ ಬರುವಲ್ಲಿ ಅಮಿನ್‌ದಿವಿಯ ಐದು ಹೆಸರು ಸೇರಿಸಿ. ದ್ವೀಪಗಳ ಹೆಸರನ್ನು ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ಇಳಿಸಬೇಡಿ. ಒಂದೇ ಪುಸ್ತಕದ ಒಂದು ಕಡೆ ಆಂಡ್ರೋಟ್, ಇನ್ನೊಂದು ಕಡೆ ಅಂದ್ರೋತ್ ಆಗುವುದು ಹಾಗೆ. ನಾನು ಮೇಲೆ ಬರೆದಿರುವ ಹೆಸರುಗಳೂ ದಕ್ಕೆಯಲ್ಲಿ ಕಿವಿಗೆ ಬಿದ್ದ ಹಾಗೆ ಬರೆದವು, ಅವನ್ನೇ ಹಾಕಿ ಅನ್ನುವುದಿಲ್ಲ. ಅಲ್ಲಿಂದ ಮಂಗಳೂರಿಗೆ ಓದಲು ಬರುವ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಕರಡು ಅಚ್ಚಿಗೆ ಹೋಗುವ ಮೊದಲು ಅವರಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೆಸರುಗಳನ್ನು ಜೋರಾಗಿ ಓದಿಸಿ, ಕೇಳಿಸಿಕೊಂಡ ಹಾಗೆ ಬರೆದುಕೊಳ್ಳಿ. ಮಲಿಕುವಿನವರು ಒಬ್ಬರು, ಅಮಿನಿಯವರು ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ರಜೆಗೆ ಊರಿಗೆ ಹೊರಟುಬಿಡುತ್ತಾರೆ, ಅದಕ್ಕೆ ಮೊದಲೇ ಹಿಡಿಯಿರಿ.

ಇಂತಿ,
ಮಂಗಳೂರು ಹಳೆ ಬಂದರಿನ ಒಬ್ಬ ಹಳೆಯ ಗುಮಾಸ್ತ